ಒತ್ತಿಲ್ಲದ ಸಹಿ

ಶಾಸಕ ದುರುಗಪ್ಪನವರು ಭಾಷಣಕ್ಕೆ ನಿಂತರೆಂದರೆ ಒಂದು ಕಥೆ ತಪ್ಪುತ್ತಿರಲಿಲ್ಲ. ಕೊಟ್ಟೂರಿನ ಸಂತೆಯಲ್ಲಿ ಹೇಳಿದರು, ಇಟ್ಟಿಗಿಯಲ್ಲಿ ಶಾಲೆಯ ಕೊಠಡಿಗೆ ಟೇಪು ಕತ್ತರಿಸುವಾಗ ಹೇಳಿದರು, ಹರಪನಹಳ್ಳಿಯಲ್ಲಿ ಯಾರದೋ ಮದುವೆಗೆ ಹೋದವರು ಮೈಕು ಕೈಗೆ ಸಿಕ್ಕಿತೆಂದು ಅಲ್ಲೂ ಹೇಳಿದರು.

"ನಾನು ಹೆಬ್ಬೆಟ್ಟು ಇದ್ದೆ. ಮೂವತ್ತೈದು ವರ್ಷ ಒತ್ತಿ ಒತ್ತಿ ಬೆರಳು ಸವದಿತ್ತು. ನನಗ ಹೆಸರು ಬರಿಯಾಕ ಕಲಿಸಿದಾಕಿ ನಮ್ಮ ಕೇರಿ ಉಚ್ಚಂಗೆಮ್ಮ ಟೀಚರ್. ನಾ 'ದುರುಗಪ' ಅಂತ ಬರೀತಿದ್ದೆ. ಟೀಚರ್ ನನ್ನ ಮುಂಗೈ ಹಿಡದು, 'ಒತ್ತು ಕೊಡಪ್ಪಾ, ಒತ್ತು ಇಲ್ದಿದ್ರ ಅಪ್ಪ ಇಲ್ಲ' ಅಂದ್ರು. ಅವತ್ತಿನಿಂದ ನಾನು ದುರುಗಪ್ಪ ಆದೆ. ಈ ಸಹಿ ನಂದಲ್ರಿ, ನಿಮ್ಮದು."

ಜನ ಚಪ್ಪಾಳೆ ತಟ್ಟುತ್ತಿದ್ದರು. ಉಚ್ಚಂಗೆಮ್ಮ ವೇದಿಕೆಯ ಮೇಲಿದ್ದರೆ ಎದ್ದು ನಿಂತು ಕೈ ಮುಗಿಯಬೇಕಾಗುತ್ತಿತ್ತು. ಮೊದಮೊದಲು ನಾಚಿಕೆ, ಆಮೇಲೆ ಹೆಮ್ಮೆ, ಬರಬರುತ್ತ ಅದೊಂದು ರೂಢಿ. ಕಥೆಯಲ್ಲಿ ಸುಳ್ಳೇನೂ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ತೊಂಬತ್ತೆರಡರಲ್ಲಿ ಸಾಕ್ಷರತಾ ಆಂದೋಲನ ಬಂದಾಗ ಕಾಗಿಹಳ್ಳದ ಕೇರಿಯಲ್ಲಿ ಹತ್ತನೇ ಇಯತ್ತೆ ಪಾಸಾದ ಹೆಣ್ಣುಮಗಳು ಉಚ್ಚಂಗೆಮ್ಮ ಒಬ್ಬಳೇ. ಗಂಡ ತೀರಿಕೊಂಡು ತವರಿಗೆ ಬಂದಿದ್ದಳು. ಅಪ್ಪ ಮಾರಣ್ಣ ಕೂಲಿ ಮಾಡಿ ಮಗಳನ್ನು ಓದಿಸಿದವನು. ಓದು ಬರದಿದ್ದರೂ, "ನನ್ನ ಮಗಳ ಹೆಸರಿನಾಗ ಎರಡು ಒತ್ತು ಅದಾವ" ಎಂದು ಬೀಗುತ್ತಿದ್ದವನು. ಸಂಜೆ ಆರೂವರೆಗೆ ಸಮುದಾಯ ಭವನದ ಜಗುಲಿಯಲ್ಲಿ ಅವಳ ಶಾಲೆ ಶುರುವಾಗುತ್ತಿತ್ತು. ಹತ್ತು ಹದಿನೈದು ಹೆಂಗಸರು, ಮೂವರು ಗಂಡಸರು. ಆ ಮೂವರಲ್ಲಿ ಒಬ್ಬ ಕೊಟ್ಟೂರು ಮಾರ್ಕೆಟ್ಟಿನ ಹಮಾಲಿ ದುರುಗಪ್ಪ, ಹಮಾಲರ ಸಂಘದ ಮುಂದಾಳು. ಮಾತಿಗೆ ನಿಂತರೆ ದಲಾಲರ ಬಾಯಿ ಕಟ್ಟುತ್ತಿತ್ತು. ಕಾಗದಕ್ಕೆ ಬಂದರೆ ಅವನದೇ ಕೈ ಕಟ್ಟುತ್ತಿತ್ತು.

ಅಕ್ಷರ ಬೇಗ ಬಂದವು. ಒತ್ತು ಮಾತ್ರ ಬರಲಿಲ್ಲ. ಬರೆದ ಹಾಗೆಲ್ಲ 'ದುರುಗಪ'. ಒತ್ತು ಬಿಟ್ಟವರ ಪಾಟಿಯ ಮೇಲೆ, ಪುಸ್ತಕದ ಮೇಲೆ, ಅಕ್ಷರದ ಕೆಳಗಿನ ಖಾಲಿ ಜಾಗಕ್ಕೆ ಉಚ್ಚಂಗೆಮ್ಮ ಕೆಂಪು ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತುತ್ತಿದ್ದಳು. ದುರುಗಪ್ಪನ ಪುಸ್ತಕದ ತುಂಬ ಕೆಂಪು ಸೊನ್ನೆಗಳು. ಕೊನೆಗೊಂದು ಸಂಜೆ ಅವಳು ಅವನ ಮುಂಗೈ ಹಿಡಿದು ಪಕಾರದ ಕೆಳಗೆ ಒತ್ತು ಎಳೆಸಿದಳು. ಅವಳ ಒತ್ತಿಗೆ ಬಾಲ ಸ್ವಲ್ಪ ಉದ್ದ, ತುದಿ ಎಡಕ್ಕೆ ತಿರುಗುತ್ತದೆ. ಹಾಗೆಯೇ ಅವನಿಗೂ ಬಂತು, ಬಾಲ ಸಮೇತ.

ತೊಂಬತ್ತನಾಲ್ಕರಲ್ಲಿ ಮೀಸಲು ಕ್ಷೇತ್ರಕ್ಕೆ ಹೊಸ ಮುಖ ಬೇಕೆಂದು ಪಕ್ಷದವರು ಹಮಾಲಿ ದುರುಗಪ್ಪನ ಮನೆ ಹುಡುಕಿಕೊಂಡು ಬಂದರು. ನಾಮಪತ್ರಕ್ಕೆ ಸಹಿ ಹಾಕುವ ದಿನ ಕೇರಿಗೆ ಕೇರಿಯೇ ಲಾರಿ ಹತ್ತಿತ್ತು. ಅಧಿಕಾರಿಯ ಮುಂದೆ ಕೂತು ದುರುಗಪ್ಪನವರು ಒತ್ತನ್ನು ಎಷ್ಟು ಬಲವಾಗಿ ಒತ್ತಿದರೆಂದರೆ ಪೆನ್ನಿನ ಮೊನೆ ಕಾಗದ ತೂತು ಮಾಡಿತು. ಕಿಟಕಿಯಾಚೆ ನಿಂತು ನೋಡುತ್ತಿದ್ದ ಉಚ್ಚಂಗೆಮ್ಮನಿಗೆ ಅಳು ಬಂತು. ಅಂಥ ದಿನ ಬಂದರೆ ಯಾರಿಗಾದರೂ ಬರುತ್ತದೆ.

ಮೊದಲ ಐದು ವರ್ಷ ದುರುಗಪ್ಪನವರು ಕೆಲಸ ಮಾಡಲಿಲ್ಲ ಎಂದರೆ ನಾಲಿಗೆ ಬಿದ್ದೀತು. ಕೇರಿಗೆ ಕರೆಂಟು ಬಂತು, ಹೆಣ್ಣುಮಕ್ಕಳಿಗೊಂದು ಹಾಸ್ಟೆಲ್ಲು ಬಂತು, ಬಸ್ಸು ಊರ ಬಾಗಿಲಲ್ಲೇ ತಿರುಗಿ ಹೋಗುವ ಬದಲು ಕೇರಿಯ ತನಕ ಬಂತು. ತೊಂಬತ್ತೊಂಬತ್ತರಲ್ಲಿ ಎರಡನೇ ಸಲ ಗೆದ್ದ ಮೇಲೆ ಅವರ ನಡಿಗೆಯೇ ಬೇರೆಯಾಯಿತು. ಹರಿಹರದ ರಸ್ತೆಗೆ ಮನೆ ಎದ್ದಿತು. ಮನೆಯ ಮುಂದೆ ಕಾರು, ಕಾರಿನ ಹಿಂದೆ ಗುಡ್ಡದಲ್ಲಿ ಕಲ್ಲು ಪುಡಿ ಮಾಡುವ ಕ್ರಷರ್ ಮಾಲೀಕನ ಕಾರು. ಜನರನ್ನು ಒಳಗೆ ಬಿಡಲು ಏಕಾಂತಪ್ಪ ಎಂಬ ಆಪ್ತ ಸಹಾಯಕ ಬಂದ. ತಾಯಿ ಮಾರೆಮ್ಮ ತೀರಿಕೊಂಡಾಗ ದುರುಗಪ್ಪನವರು ಆಕೆಯನ್ನು ಹೊಸದಾಗಿ ಕೊಂಡ ಹೊಲದಲ್ಲೇ ಮಣ್ಣು ಮಾಡಿ, ಮೇಲೆ ಸಿಮೆಂಟಿನ ಕಟ್ಟೆ ಕಟ್ಟಿಸಿದರು.

ಕಟ್ಟೆ ಕಟ್ಟಿಸಿದ್ದು ತಪ್ಪಲ್ಲ. ಆದರೆ ಅದೇ ಕೇರಿಯ ಉಳಿದ ಹೆಣಗಳು ಎಲ್ಲಿಗೆ ಹೋಗುತ್ತಿದ್ದವು? ಊರಿನವರ ಸುಡುಗಾಡಿಗೆ ಗೇಟಿತ್ತು, ಗೇಟಿಗೆ ಬೀಗವಿತ್ತು, ಕೀಲಿ ಕೇರಿಯವರ ಕೈಗೆ ಎಂದೂ ಬರಲಿಲ್ಲ. ತಾತ ಮುತ್ತಾತನ ಕಾಲದಿಂದ ಕೇರಿಯವರು ಹಳ್ಳದ ದಂಡೆಯ ಮರಳಿನಲ್ಲೇ ಹೂಳುತ್ತಿದ್ದರು. ಬದುಕಿದ್ದಾಗ ಊರ ಹೊರಗೆ, ಸತ್ತ ಮೇಲೆ ಹಳ್ಳದ ಒಳಗೆ.

ಎರಡು ಸಾವಿರದ ಒಂದರ ಹಿಂಗಾರಿನಲ್ಲಿ ಮಾರಣ್ಣ ಸತ್ತ. ಹೂತು ಬಂದ ಮಾರನೇ ದಿನ ಮೇಲೆ ಎಲ್ಲೋ ಕೂಡ್ಲಿಗಿ ಕಡೆ ಮಳೆಯಾಗಿ ಹಳ್ಳ ಬಂತು. ಮೂರನೇ ದಿನ ಉಚ್ಚಂಗೆಮ್ಮ, ಅವಳ ತಾಯಿ ಭರಮಮ್ಮ, ನೆಂಟರು ಹಾಲು ತುಪ್ಪ ಬಿಡಲು ಹೋದರೆ ಗೋರಿಯೇ ಇರಲಿಲ್ಲ. ಗೋರಿಯ ಜಾಗದಲ್ಲಿ ಮೊಣಕಾಲುದ್ದ ಕೆಂಪು ನೀರು. ಭರಮಮ್ಮ ಹಾಲಿನ ಬಟ್ಟಲು ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಎಲ್ಲಿ ಬಿಡುವುದು? ಕೊನೆಗೆ ಹರಿಯುವ ನೀರಿಗೇ ಬಿಟ್ಟಳು. ವಾರದ ಮೇಲೆ ದನ ಕಾಯುವವರು ಬಂದು ಎರಡು ಫರ್ಲಾಂಗ್ ಕೆಳಗೆ ಜಾಲಿಯ ಪೊದೆಗೆ ಏನೋ ಸಿಕ್ಕಿಕೊಂಡಿದೆ ಎಂದು ಹೇಳಿದರು. ಉಚ್ಚಂಗೆಮ್ಮ ಬುಟ್ಟಿ ತೆಗೆದುಕೊಂಡು ಒಬ್ಬಳೇ ಹೋದಳು. ಮಗಳ ಹೆಸರಿನಲ್ಲಿ ಎರಡು ಒತ್ತಿವೆ ಎಂದು ಬೀಗುತ್ತಿದ್ದ ಅಪ್ಪನನ್ನು ಬುಟ್ಟಿಯಲ್ಲಿ ತುಂಬಿಕೊಂಡು ಬಂದು ಇನ್ನೊಮ್ಮೆ ಹೂತಳು.

ಅಂದಿನಿಂದ ಭರಮಮ್ಮನಿಗೆ ಒಂದೇ ಮಾತು. "ನನ್ನ ಹಳ್ಳದಾಗ ಇಡಬ್ಯಾಡವ್ವ. ಎಲ್ಲಾರ ಇಡು, ಹಳ್ಳದಾಗ ಬ್ಯಾಡ." ಉಬ್ಬಸದ ಹೆಂಗಸು, ಎಷ್ಟು ದಿನ ಇದ್ದಾಳೆಂಬುದು ಯಾರಿಗೂ ಗೊತ್ತಿರಲಿಲ್ಲ.

ಗುಡ್ಡದ ಬುಡದಲ್ಲಿ ಸರ್ಕಾರಿ ಗೋಮಾಳವಿತ್ತು. ಅದರಲ್ಲಿ ಎರಡು ಎಕರೆ ಕೇರಿಯ ಸುಡುಗಾಡಿಗೆ ಕೊಡಿ ಎಂದು ಉಚ್ಚಂಗೆಮ್ಮ ಅರ್ಜಿ ಬರೆದು, ಕೇರಿಯವರ ಸಹಿ ಹಾಕಿಸಿ, ಶಾಸಕರ ಮನೆಗೆ ಹೋದಳು. ದುರುಗಪ್ಪನವರು ಬಾಗಿಲಿಗೆ ಬಂದು ಕರೆದುಕೊಂಡು ಹೋದರು, ಕುರ್ಚಿ ಹಾಕಿಸಿದರು, ಚಹ ತರಿಸಿದರು.

"ಟೀಚರ್, ನಿಮ್ಮ ಕೆಲಸ ಅಂದ್ರ ಅದು ನನ್ನ ಕೆಲಸ. ಅಪ್ಪನ ಸುದ್ದಿ ಕೇಳಿ ನನಗ ಊಟ ಸೇರಲಿಲ್ಲ ನೋಡ್ರಿ."

ಏಕಾಂತಪ್ಪ ಶಾಸಕರ ಹೆಸರಿನ ಕಾಗದದ ಮೇಲೆ ತಹಶೀಲ್ದಾರರಿಗೆ ಶಿಫಾರಸು ಪತ್ರ ಬರೆದ. ದುರುಗಪ್ಪನವರು ಸಹಿ ಹಾಕಿದರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಉಚ್ಚಂಗೆಮ್ಮ ನೋಡಿದಳು: 'ದುರುಗಪ'. ಒತ್ತಿರಲಿಲ್ಲ. ಅವಳಿಗೆ ನಗು ಬಂತು. ಅವಸರದಲ್ಲಿ ಮರೆತಿದ್ದಾರೆ, ಹಳೇ ಚಾಳಿ, ಎಲ್ಲಿಗೆ ಹೋಗುತ್ತದೆ ಎಂದುಕೊಂಡಳು. ಇನ್ನೊಬ್ಬರಿಗೆ ತೋರಿಸಿದರೆ ಅವರಿಗೆ ಅವಮಾನವೆಂದು ಮಡಚಿ ಚೀಲದಲ್ಲಿಟ್ಟಳು. ಕಲಿಸಿದವರ ಕಣ್ಣಿಗೆ ಒತ್ತಿಲ್ಲದ ಅಕ್ಷರ ಬರೀ ತಪ್ಪಾಗಿ ಕಾಣುತ್ತದೆ. ಅದರ ಹಿಂದೆ ಇನ್ನೊಂದು ಲೆಕ್ಕ ಇರಬಹುದೆಂದು ಆ ಬಡಪಾಯಿಗೆ ಹೇಗೆ ಹೊಳೆಯಬೇಕು?

ಎರಡು ವರ್ಷದಲ್ಲಿ ನಾಲ್ಕು ಪತ್ರವಾದವು. ನಾಲ್ಕು ಸಲವೂ ಕುರ್ಚಿ, ಚಹ, ಸಹಿ. ತಾಲ್ಲೂಕು ಕಚೇರಿಯಲ್ಲಿ ಪತ್ರ ಕೊಟ್ಟರೆ ಹಿಂಬರಹವೂ ಇಲ್ಲ, ಉತ್ತರವೂ ಇಲ್ಲ. ಕೇರಿಯಲ್ಲಿ ಎಲ್ಲರೂ ಅಧಿಕಾರಿಗಳಿಗೇ ಶಾಪ ಹಾಕಿದರು. "ದೇವರು ವರ ಕೊಟ್ರೂ ಪೂಜಾರಿ ಕೊಡವಲ್ಲ" ಎಂದಳು ಸಂಜೆ ಶಾಲೆಯ ಹಿರಿಯ ವಿದ್ಯಾರ್ಥಿನಿ ಕೆಂಚಕ್ಕ. ಅವಳಿಗೂ ಶಾಸಕರ ಪತ್ರ ಸಿಕ್ಕಿತ್ತು, ವಿಧವಾ ವೇತನಕ್ಕೆ. ಕಚೇರಿಗೆ ನಕಲು ಕೊಟ್ಟು, ಮೂಲವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ದೇವರ ಪಟದ ಹಿಂದೆ ಇಟ್ಟು ನಿತ್ಯ ಊದುಬತ್ತಿ ಬೆಳಗುತ್ತಿದ್ದಳು. ಕೇರಿಯಲ್ಲಿ ಅಂಥ ಪಟಗಳು ಬಹಳ ಇದ್ದವು.

ಎರಡು ಸಾವಿರದ ಮೂರರ ಆಷಾಢದಲ್ಲಿ ಉಚ್ಚಂಗೆಮ್ಮ ಐದನೇ ಪತ್ರ ಹಿಡಿದು ತಾಲ್ಲೂಕು ಕಚೇರಿಗೆ ಹೋದಳು. ಜಮೀನಿನ ಕಡತ ನೋಡುವ ಗುಮಾಸ್ತ ಭೀಮರಾಜ, ನೀಲಗುಂದದ ಕೇರಿಯ ಹುಡುಗ, ಓದಿ ನೌಕರಿ ಹಿಡಿದವನು. ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಅವನು ಬೀರುವಿನ ಕಡೆ ಎದ್ದು ಹೋಗಿದ್ದ. ಮೇಜಿನ ಮೇಲೆ ಶಾಸಕರದೇ ಇನ್ನೊಂದು ಪತ್ರವಿತ್ತು. ಕ್ರಷರ್ ಮಾಲೀಕನಿಗೆ ಅದೇ ಗುಡ್ಡದ ಬುಡದ ಗೋಮಾಳದಲ್ಲಿ ಜಲ್ಲಿ ರಾಶಿ ಹಾಕಲು ಅನುಮತಿ ಕೊಡಬೇಕೆಂಬ ಪತ್ರ. ಕೆಳಗೆ ಸಹಿ: 'ದುರುಗಪ್ಪ'. ದುಂಡನೆಯ ಒತ್ತು, ಉದ್ದ ಬಾಲ, ತುದಿ ಎಡಕ್ಕೆ.

ಉಚ್ಚಂಗೆಮ್ಮ ತನ್ನ ಕೈಯಲ್ಲಿದ್ದ ಪತ್ರ ನೋಡಿದಳು. 'ದುರುಗಪ'.

"ಭೀಮರಾಜ, ಇದಕ್ಕ ಒತ್ತು ಐತಿ. ನನ್ನ ಪತ್ರಕ್ಕ ಯಾಕ ಇಲ್ಲ?"

ಭೀಮರಾಜ ಸುತ್ತ ನೋಡಿದ. "ಅಕ್ಕಾ, ಕೇಳಬ್ಯಾಡ್ರಿ."

"ಐದು ಪತ್ರ ತಂದೀನಿ. ಐದರಾಗೂ ಇಲ್ಲ. ಮರತಾನ ಅಂತ ತಿಳದಿದ್ದೆ."

"ಮರೆಯೋ ಮನಷ್ಯ ಅಲ್ರಿ ಅವ್ರು." ಭೀಮರಾಜನ ದನಿ ಇಳಿಯಿತು. "ಎರಡನೇ ಸಲ ಗೆದ್ದ ಮ್ಯಾಲ ಏಕಾಂತಪ್ಪ ಎಲ್ಲಾ ಆಫೀಸಿಗೂ ಬಂದು ಹೇಳಿ ಹೋಗ್ಯಾನ. ಸಹಿಗೆ ಒತ್ತು ಇದ್ರ ಕೆಲಸಕ್ಕ ಒತ್ತು ಕೊಡ್ರಿ. ಒತ್ತು ಇಲ್ದಿದ್ರ ಫೈಲಿಗೆ ಹಾಕಿ ಮರತುಬಿಡ್ರಿ. ಬಂದವರಿಗೆ ಇಲ್ಲ ಅನ್ನಬಾರದಲ್ರಿ, ಓಟಿನ ಮಂದಿ. ನಿಮ್ಮ ಪತ್ರಾನೂ ನಾನ ಫೈಲಿಗೆ ಹಾಕೀನಿ. ಆದ್ರ ನಾ ಏನು ಮಾಡ್ಲಿ, ನನಗೂ ಮಕ್ಕಳದಾವ."

ಇಲ್ಲಿಯವರೆಗೆ 'ನವರು' ಹಚ್ಚಿ, 'ಅವರು' ಎಂದು ಹೇಳಿದ್ದಾಯಿತು. ಇನ್ನು ಸಾಕು. ದೇವರು ವರ ಕೊಟ್ಟಿರಲಿಲ್ಲ; ಕೊಡಬೇಡವೆಂದು ಪೂಜಾರಿಗೆ ಕಣ್ಣು ಮಿಟುಕಿಸಿ, ಭಕ್ತರ ಮೂಗಿಗೆ ತುಪ್ಪ ಸವರಿ ಕಳಿಸುತ್ತಿದ್ದ. ಬಡವರಿಗೆ ಮೋಸ ಮಾಡುವವರು ಈ ಸೀಮೆಗೆ ಹೊಸಬರಲ್ಲ. ಊರ ದಲಾಲರು ತೂಕದಲ್ಲಿ ಮಾಡುತ್ತಿದ್ದರು, ಮೇಸ್ತ್ರಿಗಳು ಹಾಜರಿಯಲ್ಲಿ ಮಾಡುತ್ತಿದ್ದರು. ಅದು ಅವರ ಕಸುಬು. ಆದರೆ ಇವನು ಮೋಸಕ್ಕೆ ಆರಿಸಿಕೊಂಡ ಅಕ್ಷರ ಯಾವುದು? ಆಂದೋಲನದ ಹಾಳು ಲಾಟೀನಿನ ಕೆಳಗೆ ಒಬ್ಬ ವಿಧವೆ ಮುಂಗೈ ಹಿಡಿದು ಕಲಿಸಿದ ಒತ್ತು. ಊರೂರ ಮೈಕಿನಲ್ಲಿ ಹಾಡಿ ಹೊಗಳಿದ ಒತ್ತು. ಅದನ್ನೇ ಕೀಲಿ ಮಾಡಿಕೊಂಡು, ಕಲಿಸಿದವಳ ಅಪ್ಪನ ಮೂಳೆಗೇ ಬಾಗಿಲು ಹಾಕಿದ. ಹತ್ತಿದ ಏಣಿ ಒದೆಯುವವರನ್ನು ಕಂಡಿದ್ದೇವೆ. ಇವನು ಏಣಿಯನ್ನೇ ಮುರಿದು ದೊಣ್ಣೆ ಮಾಡಿಕೊಂಡಿದ್ದ.

ಉಚ್ಚಂಗೆಮ್ಮ ಪತ್ರ ಕೊಡಲಿಲ್ಲ. ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೇ ಸಿಟ್ಟು. ನಾಲ್ಕು ಸಲ ಅವನ ಮರ್ಯಾದೆ ಉಳಿಸಲು ಪತ್ರ ಮಡಚಿಟ್ಟುಕೊಂಡಿದ್ದಳಲ್ಲ, ಅದು ನೆನಪಾಗಿ ಮೈ ಉರಿಯಿತು.

ಮನೆಯಲ್ಲಿ ಭರಮಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. "ಏನಂದ ನಮ್ಮ ದುರುಗ?" ಎಂದು ಕೇಳಿದಳು. ಇನ್ನೂ 'ನಮ್ಮ ದುರುಗ'.

"ಕೊಡ್ತೀನಂದಾನ" ಎಂದಳು ಉಚ್ಚಂಗೆಮ್ಮ.

"ಬಂಗಾರದಂಥ ಮಗ" ಎಂದು ಮುದುಕಿ ಕಣ್ಣು ಮುಚ್ಚಿದಳು.

ಆ ಮಾತು ಅವಳಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಶಾಲೆಯ ಪೆಟ್ಟಿಗೆ ತೆಗೆದಳು. ಕೆಂಪು ಪೆನ್ಸಿಲನ್ನು ಕೈಗೆತ್ತಿಕೊಂಡು, ಕೆಳಗಿಟ್ಟು, ಹಾಜರಿ ಬರೆಯುವ ಕಪ್ಪು ಶಾಯಿಯ ಪೆನ್ನು ತೆಗೆದುಕೊಂಡಳು. ಪತ್ರವನ್ನು ಪಾಟಿಯ ಮೇಲಿಟ್ಟು, ಪಕಾರದ ಕೆಳಗೆ ಒಂದು ಒತ್ತು ಎಳೆದಳು. ಉದ್ದ ಬಾಲ, ತುದಿ ಎಡಕ್ಕೆ. ಅಭ್ಯಾಸ ಮಾಡುವ ಅಗತ್ಯವೇ ಬೀಳಲಿಲ್ಲ. ಅವನ ಒತ್ತು ಅವಳದೇ ಒತ್ತಾಗಿತ್ತು.

ಮಾರನೇ ದಿನ ಭೀಮರಾಜ ಪತ್ರ ತೆಗೆದುಕೊಂಡು ಸಹಿಯನ್ನು ನೋಡಿದ. ಅವಳ ಮುಖ ನೋಡಿದ. ಮತ್ತೆ ಸಹಿ ನೋಡಿದ. ಆಮೇಲೆ ಸ್ವೀಕೃತಿಯ ಮೊಹರು ಎತ್ತಿ, ಬೇಕಾದ್ದಕ್ಕಿಂತ ಜೋರಾಗಿ ಒತ್ತಿದ.

"ಒತ್ತು ಐತಿ" ಎಂದ. "ಇನ್ನ ಕೆಲಸ ಆಗ್ತೈತಿ."

ಆಯಿತು. ಎರಡು ವರ್ಷ ಅಲ್ಲಾಡದ ಕಡತ ಹನ್ನೊಂದು ದಿನದಲ್ಲಿ ತಹಶೀಲ್ದಾರರ ಸಹಿ ಪಡೆದು ಹೊರಗೆ ಬಂತು. ಸರ್ವೆಯವರು ಸರಪಳಿ ಹಿಡಿದು ಬಂದು ಎರಡು ಎಕರೆ ಅಳೆದು ನಾಲ್ಕು ಮೂಲೆಗೆ ಕಲ್ಲು ನೆಟ್ಟರು. ಒಂದು ಒತ್ತಿಗೆ ಇಷ್ಟು ಬಲವಿತ್ತು. ಇಷ್ಟೇ ಸಾಕಿತ್ತು. ಅದನ್ನು ಅವನು ಕೊಡಲಿಲ್ಲ.

ಕಲ್ಲು ನೆಟ್ಟ ಹತ್ತನೇ ದಿನಕ್ಕೆ ಭರಮಮ್ಮ ಹೋದಳು. ಕೇರಿಯ ಹೊಸ ಸುಡುಗಾಡಿನಲ್ಲಿ ಮೊದಲ ಗುಂಡಿ ಅವಳದು. ಕಲ್ಲು ನೆಲ, ಅಗೆಯುವವರು ಬೆವರು ಸುರಿಸಿದರು, ಯಾರೂ ಗೊಣಗಲಿಲ್ಲ. ಮೂರನೇ ದಿನ ಉಚ್ಚಂಗೆಮ್ಮ ಹಾಲು ತುಪ್ಪ ತೆಗೆದುಕೊಂಡು ಹೋದಾಗ ಗೋರಿ ಇಟ್ಟಲ್ಲೇ ಇತ್ತು. ಅದರ ಮುಂದೆ ಕೂತು, ಅವ್ವನ ಪಾಲಿನದು ಬಿಟ್ಟು, ಅಪ್ಪನ ಪಾಲಿನದನ್ನೂ ಅಲ್ಲೇ ಬಿಟ್ಟಳು.

ಐದನೇ ದಿನ ಮಾತನಾಡಿಸುವ ನೆಪದಲ್ಲಿ ದುರುಗಪ್ಪ ಬಂದ. ಕಾರು ಕೇರಿಯ ಬಾಯಲ್ಲೇ ನಿಂತಿತು. ಅಷ್ಟರಲ್ಲಿ ಕ್ರಷರ್ ಮಾಲೀಕ ಅವನ ಮನೆಗೆ ಹೋಗಿ ಕೂಗಾಡಿ ಬಂದ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಜಲ್ಲಿಗೆಂದು ಕೇಳಿದ್ದ ಜಾಗದಲ್ಲಿ ಹೆಣ ಹೂತರೆ ಅವನಾದರೂ ಸುಮ್ಮನಿದ್ದಾನೆಯೇ? ದುರುಗಪ್ಪ ಜಗುಲಿಯ ಮೇಲೆ ಕೂತು, ಭರಮಮ್ಮ ತನಗೆ ಮಾಡಿ ಹಾಕಿದ ರೊಟ್ಟಿಯ ಮಾತಾಡಿ, ಕಣ್ಣೊರೆಸಿಕೊಂಡ. ಬಂದವರೆಲ್ಲ ಎದ್ದು ಹೋದ ಮೇಲೆ ದನಿ ತಗ್ಗಿಸಿದ.

"ಟೀಚರ್, ನಿಮ್ಮ ಪತ್ರಕ್ಕ ಒತ್ತು ಐತಂತ."

"ಐತಿ."

"ನಾ ಕೊಟ್ಟಿಲ್ಲ."

"ಬಿಟ್ಟಿದ್ರಿ. ತಿದ್ದೀನಿ."

"ಅದು ಫೋರ್ಜರಿ ಆಗ್ತೈತ್ರಿ. ಮನಸ್ಸು ಮಾಡಿದ್ರ ಒಳಗ ಹಾಕಿಸಬೌದು."

ಉಚ್ಚಂಗೆಮ್ಮನಿಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಮಾತು ನಡುಗಲಿಲ್ಲ.

"ಹಾಕಸ್ರಿ. ಅದಕ್ಕ ನೀವು ಕಂಪ್ಲೇಂಟು ಬರದು ಕೊಡಬೇಕಾಗ್ತೈತಿ. 'ಒತ್ತು ಇರೋ ಸಹಿ ನಂದಲ್ಲ, ಒತ್ತಿಲ್ಲದ್ದು ನನ್ನ ಖರೇ ಸಹಿ' ಅಂತ ಬರೀರಿ. ಯಾಕ ಒತ್ತು ಬಿಟ್ಟಿದ್ದೆ ಅನ್ನೋದನ್ನೂ ಬರೀರಿ. ಬರದು ಕೆಳಗ ಸಹಿ ಮಾಡ್ರಿ. ಆ ಸಹಿಗೆ ಒತ್ತು ಕೊಡ್ತೀರೋ ಬಿಡ್ತೀರೋ, ಅದನ್ನ ನೀವ ನೋಡ್ಕೊಳ್ರಿ."

ದಲಾಲರ ಬಾಯಿ ಕಟ್ಟಿಸಿದ ಮನುಷ್ಯ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋದ.

ಹದಿನೈದು ದಿನದ ಮೇಲೆ ಅದೇ ಸುಡುಗಾಡಿನ ಮುಂದೆ ಶಾಮಿಯಾನ ಎದ್ದಿತು. 'ಮಾನ್ಯ ಶಾಸಕರ ಸತತ ಪ್ರಯತ್ನದ ಫಲವಾಗಿ ಮಂಜೂರಾದ ರುದ್ರಭೂಮಿ' ಎಂದು ಬಟ್ಟೆಯ ಫಲಕ. ಆಗದ ಕೆಲಸಕ್ಕೆ ಅಧಿಕಾರಿ, ಆದ ಕೆಲಸಕ್ಕೆ ಶಾಸಕ. ಹಾರ ಹಾಕಿಸಿಕೊಂಡು ದುರುಗಪ್ಪ ಮಾತಾಡಿದ. ನಮ್ಮ ಜನ ಸತ್ತ ಮೇಲಾದರೂ ಗೌರವದಿಂದ ಮಲಗಬೇಕು ಎಂದ. ತನ್ನ ತಾಯಿಯನ್ನೂ ನೆನೆದ. ಎಲ್ಲ ಹೇಳಿದ; ಹೆಬ್ಬೆಟ್ಟಿನ ಕಥೆಯೊಂದನ್ನು ಬಿಟ್ಟ. ಹತ್ತು ವರ್ಷದಲ್ಲಿ ಅವನು ಆ ಕಥೆ ಹೇಳದ ಮೊದಲ ಭಾಷಣ ಅದು. ಉಚ್ಚಂಗೆಮ್ಮನಿಗೆ ವೇದಿಕೆಯ ಮೇಲೆ ಕುರ್ಚಿಯೂ ಇರಲಿಲ್ಲ.

ಮುಂದಿನ ವರ್ಷದ ಸಂಕ್ರಾಂತಿ ಕಳೆದು ವಾರವಾಗಿತ್ತು. ಅಂಚೆಯವನು ಉಚ್ಚಂಗೆಮ್ಮನಿಗೆ ಒಂದು ಲಕೋಟೆ ಕೊಟ್ಟು ಹೋದ. ಆಂದೋಲನ ಮುಗಿದ ಮೇಲೆ ಅವಳ ಸಂಜೆ ಶಾಲೆ ಸರ್ಕಾರದ ಕಲಿಕಾ ಕೇಂದ್ರವಾಗಿತ್ತು, ಕಲಿಸುವ ಅವಳು ಕಾಗದದಲ್ಲಿ ಅದರ 'ಪ್ರೇರಕಿ'. ಕಾಗಿಹಳ್ಳದ ಕಲಿಕಾ ಕೇಂದ್ರದ ಪ್ರೇರಕಿ ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿರುವುದರಿಂದ ಈ ಕೂಡಲೇ ಅವರನ್ನು ಬಿಡುಗಡೆ ಮಾಡಲಾಗಿದೆ, ಕೇಂದ್ರದ ಪೆಟ್ಟಿಗೆ ಮತ್ತು ಪುಸ್ತಕಗಳನ್ನು ಒಪ್ಪಿಸತಕ್ಕದ್ದು. ಉಲ್ಲೇಖ: ಮಾನ್ಯ ಶಾಸಕರ ಪತ್ರ. ಜೊತೆಗೆ ಆ ಪತ್ರದ ಝೆರಾಕ್ಸ್ ಪ್ರತಿ.

ಅಂದು ಸಂಜೆ ಜಗುಲಿಯಲ್ಲಿ ಹದಿನಾಲ್ಕು ಹೆಂಗಸರು ಪಾಟಿ ಹಿಡಿದು ಕೂತಿದ್ದರು. ಉಚ್ಚಂಗೆಮ್ಮ ಝೆರಾಕ್ಸ್ ಹಾಳೆಯನ್ನು ಕೆಂಚಕ್ಕನ ಕೈಗೆ ಕೊಟ್ಟಳು. "ಓದು" ಎಂದಳು. ಕೆಂಚಕ್ಕ ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ಓದಿದಳು. 'ತೆಗೆದುಹಾಕಲು' ಎಂಬ ಶಬ್ದಕ್ಕೆ ಬಂದಾಗ ಅವಳ ಬೆರಳು ನಿಂತಿತು. ಆದರೂ ಬಿಡದೆ ಕೆಳಗಿನ ತನಕ ಹೋದಳು.

"ದು, ರು, ಗ, ಪ್ಪ."

"ಇನ್ನೊಮ್ಮೆ."

"ದುರುಗಪ್ಪ. ಒತ್ತು ಐತಲ್ರಿ ಟೀಚರ್. ಭಾರಿ ಚಂದ ಬರದಾನ."

ಆಗ ಉಚ್ಚಂಗೆಮ್ಮ ಎಲ್ಲವನ್ನೂ ಹೇಳಿದಳು. ಐದು ಪತ್ರ, ಏಕಾಂತಪ್ಪ ಕಚೇರಿಗಳಿಗೆ ಹೇಳಿ ಬಂದದ್ದು, ತಾನು ಎಳೆದ ಒತ್ತು. ಭೀಮರಾಜನ ಹೆಸರೊಂದನ್ನು ಮಾತ್ರ ಹೇಳಲಿಲ್ಲ. ಕೆಂಚಕ್ಕ ಪಾಟಿ ಕೆಳಗಿಟ್ಟು ಎದ್ದು ಹೋದಳು. ಬರುವಾಗ ದೇವರ ಪಟದ ಹಿಂದಿನ ಪತ್ರ ಅವಳ ಕೈಯಲ್ಲಿತ್ತು. ಪ್ಲಾಸ್ಟಿಕ್ಕಿನ ಮೇಲೆ ಕುಂಕುಮ, ಊದುಬತ್ತಿಯ ಬೂದಿ. ದೀಪದ ಕೆಳಗೆ ಹಿಡಿದು ಬೆರಳಿಟ್ಟಳು.

"ದು, ರು, ಗ, ಪ."

ಬೆರಳು ಪಕಾರದ ಕೆಳಗೆ ಅತ್ತಿತ್ತ ಹುಡುಕಿತು. ಅಲ್ಲಿ ಏನೂ ಇರಲಿಲ್ಲ. "ನಾಕು ವರ್ಷ ಊದುಬತ್ತಿ ಬೆಳಗೀನಿ ಇದಕ್ಕ" ಎಂದಳು ಕೆಂಚಕ್ಕ. ಅಳಲಿಲ್ಲ. ಮುಖ ಬಿಗಿಯಿತು.

ಒಬ್ಬೊಬ್ಬರಾಗಿ ಎದ್ದು ಹೋದರು. ಟ್ರಂಕಿನಿಂದ, ಸೀರೆಯ ಮಡಿಕೆಯಿಂದ, ಜಂತಿಯ ಸಂದಿನಿಂದ ಪತ್ರಗಳು ಬಂದವು. ಮನೆಗೆ, ರೇಷನ್ ಕಾರ್ಡಿಗೆ, ಮಗಳ ಹಾಸ್ಟೆಲ್ಲಿಗೆ, ಗಂಡನ ಆಪರೇಷನ್ನಿಗೆ. ಒಟ್ಟು ಹತ್ತೊಂಬತ್ತು. ಹಂಪಕ್ಕ ತಂದದ್ದರಲ್ಲಿ ಸಹಿಯ ಮೇಲೆ ಎಣ್ಣೆ ಬಿದ್ದಿತ್ತು. ಅದನ್ನು ಮೂವರು ದೀಪಕ್ಕೆ ಹಿಡಿದು ನೋಡಿದರು. ಅದರಲ್ಲೂ ಇರಲಿಲ್ಲ. ತಾವೇ ಕಲಿತ ಓದಿನಿಂದ ಅವರು ತಮಗಾದ ಮೋಸವನ್ನು ಅಕ್ಷರಕ್ಕೆ ಅಕ್ಷರ ಓದಿಕೊಂಡರು. ಎರಡನೇ ಸಲ ಗೆದ್ದ ಮೇಲೆ ಇಡೀ ಕೇರಿಗೆ ದುರುಗಪ್ಪ ತಾನಾಗಿ ಒತ್ತು ಕೊಟ್ಟು ಮಾಡಿದ ಸಹಿ ಒಂದೇ ಒಂದು, ಅವರ ಟೀಚರನ್ನು ತೆಗೆಸಿದ ಪತ್ರದ ಮೇಲೆ.

ಉಚ್ಚಂಗೆಮ್ಮ ಪೆಟ್ಟಿಗೆ ತೆಗೆದಳು. ನಾಳೆ ಒಪ್ಪಿಸಬೇಕಾದ ಪೆಟ್ಟಿಗೆ. ಕಪ್ಪು ಶಾಯಿಯ ಪೆನ್ನು ಕೆಂಚಕ್ಕನಿಗೆ ಕೊಟ್ಟು, ತಾನು ಅವಳ ಪಕ್ಕಕ್ಕೆ ಕೂತು, ಹಿಂದೊಮ್ಮೆ ಇನ್ನೊಬ್ಬನ ಮುಂಗೈ ಹಿಡಿದಂತೆ ಅವಳ ಮುಂಗೈ ಹಿಡಿದಳು.

"ಬಾಲ ಉದ್ದ ಬರಬೇಕು. ತುದಿ ಎಡಕ್ಕ."

ಕೆಂಚಕ್ಕ ಪತ್ರದ ಮೇಲೆ ಪೆನ್ನು ಊರಿ, ಅಷ್ಟರಲ್ಲಿ ತಡೆದಳು. "ಟೀಚರ್, ಮಂದಿ ಸಹಿ ತಿದ್ದೋದು ತಪ್ಪಲ್ಲೇನ್ರಿ?"

"ತಪ್ಪು ಬರದಾವ ಅವನು" ಎಂದಳು ಉಚ್ಚಂಗೆಮ್ಮ. "ಕಲಿಸಿದಾಕಿ ನಾನು. ತಿದ್ದು."